ಟಿಟವಿ ತತ್ತಿ ಇಟ್ಟ ಜಾಗ

ಜಮಖಂಡಿ
೧೬ ಫೆಬ್ರವರಿ ೨೦೨೫, ರವಿವಾರ

ಚಿ. ಪೂರ್ವಾಳಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅಮ್ಮ, ಸ್ಕೂಟರ್ ಮೂವರೂ ಕ್ಷೇಮ. ಈ ಕಾಲದಲ್ಲಿ ಪತ್ರ ಬರೆಯುವವರು ಯಾರು ಎಂದು ನಗುತ್ತೀಯೇನೋ. ನಕ್ಕರೂ ಸರಿಯೇ. ನಿಮ್ಮ ಹಾಸ್ಟೆಲಿನಲ್ಲಿ ಮೊಬೈಲಿಗೆ ಅವಕಾಶವಿಲ್ಲ. ರವಿವಾರ ವಾರ್ಡನ್ ಶ್ರೀದೇವಿ ಮೇಡಂ ಅವರ ಫೋನಿಗೆ ಮಾಡಿದರೆ, ಅಮ್ಮನ ಹತ್ತಿರ "ಊಟಾತು, ಆರಾಮಿದ್ದೀನಿ" ಎನ್ನುತ್ತೀಯ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ನಿನಗೆ ಓದು ನೆನಪಾಗಿರುತ್ತದೆ. ಕಳೆದ ಜೂನ್‌ನಲ್ಲಿ ಧಾರವಾಡದ ಆ ಗೇಟಿನೊಳಗೆ ನಿನ್ನ ಟ್ರಂಕು ಇಳಿಸಿ ಬಂದಂದಿನಿಂದ ನೀನು ನನ್ನ ಜೊತೆ ಒಂದು ಮಾತೂ ಆಡಿಲ್ಲ. ದೀಪಾವಳಿಗೆ ಬಂದಾಗಲೂ ಆಡಲಿಲ್ಲ. ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡುತ್ತ ಬಾಯಿ ಬಿಡದ ಸಾಕ್ಷಿಗಳನ್ನು ಬೇಕಾದಷ್ಟು ಕಂಡಿದ್ದೇನೆ, ನಿನ್ನಷ್ಟು ಗಟ್ಟಿ ಸಾಕ್ಷಿಯನ್ನು ಕಂಡಿಲ್ಲ.

ಇವತ್ತು ಮುಂಜಾನೆ ಸಾವಳಗಿ ದಾರಿಯ ಕೆರೆಗೆ ಹೋಗಿದ್ದೆ. ನೀನಿಲ್ಲದೆ ಹೋದದ್ದು ಇದೇ ಮೊದಲು. ಎಂಟು ವರ್ಷ ಪ್ರತಿ ರವಿವಾರ ನಿನ್ನನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ನೀನು ದುರ್ಬೀನು ಹಿಡಿದು ಹಕ್ಕಿಗಳನ್ನು ನೋಡುತ್ತಿದ್ದೆ, ನಾನು ಏರಿಯ ಮೇಲೆ ಜಾಲಿಯ ನೆರಳಲ್ಲಿ ಪೇಪರ್ ಓದಿ ಮುಗಿಸುತ್ತಿದ್ದೆ. ಇವತ್ತೂ ಪೇಪರ್ ಒಯ್ದಿದ್ದೆ. ಓದಲಾಗಲಿಲ್ಲ. ನೀನು ಎದುರಿಗಿಲ್ಲದಾಗ ಪೇಪರಿನ ಹಿಂದೆ ಯಾರಿಂದ ಅಡಗಿಕೊಳ್ಳಲಿ?

ಅದಕ್ಕೇ ತಲೆ ಎತ್ತಿ ನೋಡಿದೆ. ನೀರಿನ ನಡುವೆ ಒಂದು ಬಾತುಕೋಳಿಯ ಮರಿ. ಕಂದು ಬಣ್ಣ, ಬಾಲವೇ ಇಲ್ಲ. ತಾಯಿ ಎಲ್ಲೂ ಕಾಣಲಿಲ್ಲ. ನೋಡನೋಡುತ್ತಿದ್ದಂತೆ ಮುಳುಗಿಯೇ ಬಿಟ್ಟಿತು! ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಓಡಿದೆ. ಅಷ್ಟರಲ್ಲಿ ದೂರ ಎಲ್ಲೋ ಎದ್ದಿತು, ಮತ್ತೆ ಮುಳುಗಿತು. ಪಾಪ, ಅದಕ್ಕೆ ಈಜು ಬರುವುದಿಲ್ಲವೆಂದು ತೋರುತ್ತದೆ. ಏನು ಮಾಡಬೇಕೋ ತಿಳಿಯದೆ ಮನೆಗೆ ಬಂದೆ. ತಿಳಿದವಳು ನೀನು, ಬರೆದು ತಿಳಿಸು.

ಹಾಸ್ಟೆಲಿನ ಪತ್ರಗಳನ್ನು ಮೇಡಂ ಓದಿಯೇ ಕೊಡುತ್ತಾರಂತೆ. ಮೇಡಂ, ತಮಗೂ ನಮಸ್ಕಾರ.

ನಿನ್ನ ಅಪ್ಪ
ರಘೂತ್ತಮ

*

ಜಮಖಂಡಿ
೨ ಮಾರ್ಚ್ ೨೦೨೫

ಚಿ. ಪೂರ್ವಾಳಿಗೆ ಆಶೀರ್ವಾದ.

ಉತ್ತರ ಬರಲಿಲ್ಲ. ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತು, ನಾನೇನೂ ತಪ್ಪು ತಿಳಿದಿಲ್ಲ.

ಮರಿ ಬದುಕಿದೆ. ಇನ್ನೊಂದು ತಬ್ಬಲಿಯೂ ಅದರ ಜೊತೆ ಸೇರಿಕೊಂಡಿದೆ. ಎರಡೂ ಕೂಡಿ ಕಿಲಕಿಲ ನಕ್ಕಂತೆ ಒಂದೇ ಉಸಿರಿಗೆ ಕೂಗುತ್ತವೆ. ಹಸಿವಿನ ಕೂಗು ಇರಬೇಕು. ಇವತ್ತು ಚುರಮರಿ ಒಯ್ದು ಎಸೆದೆ, ಮೂಸಿಯೂ ನೋಡಲಿಲ್ಲ. ಮುಂದಿನ ವಾರ ಬುಟ್ಟಿ ಒಯ್ದು ಎರಡನ್ನೂ ಹಿಡಿದು ಮನೆಗೆ ತರಬೇಕೆಂದು ಮಾಡಿದ್ದೇನೆ. ಅಮ್ಮ ಕೇಳಿದಳು: "ತಂದು ಎಲ್ಲಿ ಇಡ್ತೀರಿ? ಬಚ್ಚಲದಾಗೋ, ಕೋರ್ಟಿನ್ಯಾಗೋ?"

ಕೋಗಿಲೆ ಶುರುವಾಗಿದೆ. ನಮ್ಮ ಓಣಿಯ ಬೇವಿನಲ್ಲಿ ಬೆಳಕು ಹರಿಯುವ ಮೊದಲೇ ಕೂಗುತ್ತದೆ. ನಿನ್ನ ಕೋಣೆಯ ಕಿಟಕಿ ತೆರೆದೇ ಇಟ್ಟಿದ್ದೇನೆ.

ನಿನ್ನ ಅಪ್ಪ
ರಘೂತ್ತಮ

*

ಧಾರವಾಡ
೬ ಮಾರ್ಚ್ ೨೦೨೫

ಹಿಡಿಯಬೇಡಿ.

ಅದು ಬಾತುಕೋಳಿಯ ಮರಿಯಲ್ಲ, ಗುಳುಮುಳುಕ. ಅದರ ಗಾತ್ರವೇ ಅಷ್ಟು. ಮುಳುಗುವುದೇ ಅದರ ಕೆಲಸ, ನೀರಿನೊಳಗೆ ಮೀನು ಹಿಡಿಯುತ್ತದೆ. ನಕ್ಕಂತೆ ಕೂಗುವುದು ಹಸಿವಿಗಲ್ಲ. ಗಂಡು ಹೆಣ್ಣು ಜೋಡಿಯಾದಾಗ ಹಾಗೆ ಕೂಗುತ್ತವೆ. ಮುಂದೆ ಜೊಂಡಿನ ನಡುವೆ ತೇಲುವ ಗೂಡು ಕಟ್ಟುತ್ತವೆ. ಅವು ತಬ್ಬಲಿಗಳಲ್ಲ. ಚುರಮರಿ ಹಾಕಬೇಡಿ.

ಎಂಟು ವರ್ಷ ಅವು ನಿಮ್ಮ ಎದುರಿಗೇ ಇದ್ದವು.

ಪೂರ್ವಾ

(ಪತ್ರ ನೋಡಿ ಕಳಿಸುವುದು ಇಲ್ಲಿಯ ನಿಯಮ. ಹಾಗಾಗಿ ತಮ್ಮ ನಮಸ್ಕಾರ ತಲುಪಿತು. ಮೊದಲ ಪತ್ರವನ್ನು ಹುಡುಗಿ ಓದಿ ಮಡಚಿಟ್ಟಳು. ಎರಡನೆಯದನ್ನು ಓದಿದವಳೇ "ಹಿಡೀತಾರಂತ್ರಿ ಮೇಡಂ!" ಎಂದು ಓಡಿಬಂದು ಲಕೋಟೆ ಕೇಳಿದಳು. — ಶ್ರೀದೇವಿ, ವಾರ್ಡನ್)

*

ಜಮಖಂಡಿ
೧೬ ಮಾರ್ಚ್ ೨೦೨೫

ಚಿ. ಪೂರ್ವಾಳಿಗೆ ಆಶೀರ್ವಾದ.

ನಿನ್ನ ಪತ್ರ ಬಂತು. ಅಮ್ಮ ಒಮ್ಮೆ ಓದಿದಳು. ನಾನು ಎಷ್ಟು ಸಲ ಓದಿದೆನೆಂದು ಕೇಳಬೇಡ. ಬುಟ್ಟಿ ವಾಪಸು ಅಟ್ಟಕ್ಕೆ ಹೋಯಿತು. ಗುಳುಮುಳುಕಗಳ ಕ್ಷಮೆ ಕೇಳಿ ಬಂದೆ.

ಇನ್ನು ಈ ವಾರದ ಸಂಶಯಗಳು. ಏರಿಯ ಮಣ್ಣಿನ ಗೋಡೆಯಲ್ಲಿ ಒಂದು ಹಸಿರು ಗಿಳಿಮರಿ ಬಿಲ ತೋಡುತ್ತಿತ್ತು. ಗಿಳಿ ಯಾವಾಗಿನಿಂದ ಇಲಿಯ ಕಸುಬು ಕಲಿತಿತು? ಎರಡನೆಯದು, ವಿದ್ಯುತ್ ತಂತಿಯ ಮೇಲೆ ನೀಲಿ ಕಾಗೆ. ಕೊಕ್ಕು ಕೆಂಪು, ಎದೆ ಬಿಳಿ, ಕೂಗು ಮಾತ್ರ ಅಪಹಾಸ್ಯ ಮಾಡಿದ ಹಾಗೆ. ದಯವಿಟ್ಟು ತಿಳಿಸುವುದು.

ಮೂರನೆಯದು ಸಂಶಯವಲ್ಲ, ಬೆರಗು. ನೀರು ಹಿಂದೆ ಸರಿದು ಕೆರೆಯ ಅಂಗಳ ಒಣಗಿದೆಯಲ್ಲ, ಅಲ್ಲಿ ನಡೆಯುತ್ತಿದ್ದೆ. ಟಿಟವಿ ಹಕ್ಕಿಯೊಂದು ನನ್ನ ತಲೆಯ ಮೇಲೆಯೇ ಎರಗಿ ಬಂತು. ಏನು ಬಾಯಿ ಅದಕ್ಕೆ! ನಮ್ಮ ಕೋರ್ಟಿನ ಯಾವ ವಕೀಲನೂ ಹಾಗೆ ಜಗಳ ಮಾಡಲಾರ. ಅಲ್ಲಿಯೇ ಗಕ್ಕನೆ ನಿಂತು ಕೆಳಗೆ ನೋಡಿದರೆ, ನನ್ನ ಕಾಲ ಬಳಿಯೇ ನಾಲ್ಕು ಮೊಟ್ಟೆ. ಗೂಡಿಲ್ಲ, ಕಡ್ಡಿಯಿಲ್ಲ. ಬರೀ ನೆಲದ ಮೇಲೆ, ಸುತ್ತ ನಾಲ್ಕು ಹರಳು. ಮೊಟ್ಟೆಯ ಬಣ್ಣವೂ ಮಣ್ಣಿನದೇ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಗಿದೇ ಹೋಗಿತ್ತು. ಇಷ್ಟು ಬಯಲಲ್ಲಿ, ಇಷ್ಟು ಧೈರ್ಯವಾಗಿ, ಬರೀ ಕೂಗಿನ ಮೇಲೆ ಭರವಸೆ ಇಟ್ಟು ಸಂಸಾರ ಹೂಡಿದೆಯಲ್ಲ, ಅದಕ್ಕೆ ಕೈ ಮುಗಿಯಬೇಕು ಅನ್ನಿಸಿತು.

ಪಕ್ಕದ ಹೊಲದ ಲಗಮಪ್ಪ ನಿನಗೆ ಗೊತ್ತಲ್ಲ, ನಿನಗೆ ಹಸಿ ಕಡಲೆ ಕಿತ್ತು ಕೊಡುತ್ತಿದ್ದವನು. ಅವನು ಬಂದು ನೋಡಿ ಮುಖ ಸಣ್ಣ ಮಾಡಿದ. "ರಾಯರ, ಟಿಟವಿ ಕೆರಿ ಅಂಗಳದಾಗ ತತ್ತಿ ಇಟ್ರ ಮಳಿ ಕಡಿಮಿ. ಏರಿ ಮ್ಯಾಲ ಇಟ್ರ ಮಳಿ ಜೋರ. ನಮ್ಮಪ್ಪನ ಕಾಲದಿಂದ ಇದು ಸುಳ್ಳಾಗಿಲ್ಲ."

ನನ್ನ ಚಿಂತೆ ಬೇರೆ. ಯುಗಾದಿಯ ಮರುದಿನ ಹೂಳು ತೆಗೆಯಲು ಜೆಸಿಬಿ ಬರುತ್ತದಂತೆ. ಕೆರೆಮಣ್ಣು ಹೊಲಗಳಿಗೆ ಹೋಗಬೇಕು, ಬೇಡವೆನ್ನಲಾಗದು. ಆದರೆ ತೋಡುವುದು ಅದೇ ಅಂಗಳವನ್ನು.

ನಿನ್ನ ಅಪ್ಪ
ರಘೂತ್ತಮ

*

ಧಾರವಾಡ
೨೧ ಮಾರ್ಚ್ ೨೦೨೫

ಗಿಳಿಮರಿಯಲ್ಲ, ಕಳ್ಳಿಪೀರ. ಅದು ಗೂಡು ಮಾಡುವುದೇ ಬಿಲದಲ್ಲಿ. ನೀಲಿ ಕಾಗೆ ಎಂಬುದು ಲೋಕದಲ್ಲಿಲ್ಲ. ಅದು ಮಿಂಚುಳ್ಳಿ.

ಟಿಟವಿ, ಅಂದರೆ ಟಿಟ್ಟಿಭದ ಬಗ್ಗೆ ನೀವು ಬರೆದದ್ದು ಸರಿ ಇದೆ. ಆದರೆ ಹತ್ತಿರ ಹೋಗಬೇಡಿ. ನೀವು ನಿಂತಷ್ಟು ಹೊತ್ತು ಅದು ಎದ್ದೇ ಇರುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತವೆ. ಒಂದು ಮಧ್ಯಾಹ್ನ ಹೋಗಿ ದೂರದಲ್ಲಿ ಕುಳಿತು ನೋಡಿ. ದುರ್ಬೀನು ನನ್ನ ಕಪಾಟಿನಲ್ಲಿ ಮೇಲಿನ ಖಾನೆಯಲ್ಲಿದೆ. ನಾನು ಬೀಗ ಹಾಕಿಲ್ಲ. ಏನು ಕಂಡಿತು ಬರೆಯಿರಿ.

ಜೆಸಿಬಿ ಬಂದರೆ ಏನು ಮಾಡುತ್ತೀರಿ?

ಪರೀಕ್ಷೆ ಮುಗಿಯಿತು. ಪಿಯುಸಿ ಎರಡನೆಯ ವರ್ಷದ ಪಾಠ ಆಗಲೇ ಶುರುವಾಗಿದೆ. ಮೇ ಮೊದಲ ವಾರ ರಜೆಯಂತೆ.

ಪೂರ್ವಾ

(ಮಿಂಚುಳ್ಳಿಯನ್ನು ನೀಲಿ ಕಾಗೆ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. ಕೋರ್ಟಿನವರ ಮಾತಿನಲ್ಲಿ ನನಗೇನೋ ಅನುಮಾನ. ಇರಲಿ. ಆ ಮೊಟ್ಟೆಗಳ ಸುದ್ದಿ ಮಾತ್ರ ತಪ್ಪದೆ ಬರೆಯಿರಿ. ಊಟದ ಕೋಣೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. — ಶ್ರೀದೇವಿ)

*

ಜಮಖಂಡಿ
೩೧ ಮಾರ್ಚ್ ೨೦೨೫

ಚಿ. ಪೂರ್ವಾಳಿಗೆ ಆಶೀರ್ವಾದ.

ನಿನ್ನೆ ನೀನು ಫೋನಿನಲ್ಲಿ ಬೈದ ಮೇಲೆ ನಡೆದದ್ದೆಲ್ಲ ಹೇಳಬೇಕು. ಆದರೆ ಅದಕ್ಕೂ ಮೊದಲು, ಹಿಂದಿನ ರವಿವಾರ ಮಧ್ಯಾಹ್ನ ಕಂಡದ್ದನ್ನು ಹೇಳಿಬಿಡುತ್ತೇನೆ. ಇಲ್ಲವಾದರೆ ಗದ್ದಲದಲ್ಲಿ ಅದು ಹಿಂದೆ ಬೀಳುತ್ತದೆ.

ನಿನ್ನ ದುರ್ಬೀನು ಹಿಡಿದು ಜಾಲಿಯ ಕೆಳಗೆ ಕುಳಿತಿದ್ದೆ. ಬಿಸಿಲು ಎಂಥದೆಂದರೆ ಸ್ಕೂಟರಿನ ಸೀಟು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಒಂದು ಟಿಟವಿ ನೀರಿಗೆ ನಡೆದು ಹೋಗಿ ಹೊಟ್ಟೆ ಅದ್ದಿತು. ಸ್ನಾನವೆಂದುಕೊಂಡೆ. ಮೈ ಕೊಡವಲಿಲ್ಲ. ಹಾಗೆಯೇ ತೊಟಗುಟ್ಟುತ್ತ ಬಂದು ಮೊಟ್ಟೆಗಳ ಮೇಲೆ ಕುಳಿತುಕೊಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೋಗಿ ಹೊಟ್ಟೆ ನೆನೆಸಿಕೊಂಡು ಬಂತು, ಮೊದಲಿನದು ಎದ್ದು ಜಾಗ ಬಿಟ್ಟಿತು. ಒಣಗಿಸುವ ಬಿಸಿಲಿನಲ್ಲಿ ಎರಡೂ ಪಾಳಿಯ ಮೇಲೆ ನೀರು ಹೊತ್ತು ಮೊಟ್ಟೆ ತಣ್ಣಗಿಡುತ್ತಿದ್ದವು. ಪೂರ್ವಾ, ನನ್ನ ಕಣ್ಣಲ್ಲಿ ನೀರು ಬಂತು. ಮುಚ್ಚಿಡುವುದೇನಿದೆ? ಇದೆಲ್ಲ ಎಂಟು ವರ್ಷ ನನ್ನ ಪೇಪರಿನ ಆಚೆಗೇ ನಡೆದಿತ್ತು.

ಇನ್ನು ನಿನ್ನೆಯದು. ಯುಗಾದಿ. ಬೇವಿನ ಪಾನಕ ಕುಡಿದು ಮುಂಜಾನೆಯೇ ಕೆರೆಗೆ ಹೋದೆ. ಮರುದಿನವೇ ಜೆಸಿಬಿ ಬರುವುದಿತ್ತು. ಲಗಮಪ್ಪ ಒಂದು ಉಪಾಯ ತೆಗೆದ: "ಎತ್ತಿ ಏರಿ ಮ್ಯಾಲ ಇಟ್ಟಬಿಡೂಣ್ರಿ. ತತ್ತೀನೂ ಉಳೀತಾವು, ಮಳೀನೂ ಬರ್ತೈತಿ." ನನಗೂ ಸರಿ ಅನ್ನಿಸಿತು. ಏರಿಯ ಮೇಲೆ ಒಳ್ಳೆಯ ಜಾಗ ಹುಡುಕಿದೆವು. ಎತ್ತರ, ಗಾಳಿ, ಯಾರ ಕಾಲಿಗೂ ಸಿಗದ ಮೂಲೆ. ಹರಳು ಸಮೇತ ಎತ್ತಿ ಇಟ್ಟೆವು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಹಕ್ಕಿಗಳು ಏರಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಒಂದು, ಹಳೆಯ ಜಾಗಕ್ಕೆ ಹೋಗಿ ಖಾಲಿ ನೆಲದ ಮೇಲೆ ಕುಳಿತಿತು. ಎದ್ದು ಕೆಳಗೆ ನೋಡಿ ಮತ್ತೆ ಕುಳಿತಿತು. ಮೊಟ್ಟೆಗಳಿಗೆ ಬಿಸಿಲು ಬೀಳುತ್ತಿತ್ತು. ಲಗಮಪ್ಪ ಟವೆಲ್ ಹಿಡಿದು ನೆರಳು ಮಾಡಿ ನಿಂತ, ಆದರೂ ಆಸೆ ಬಿಡಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ: "ನೋಡ್ರಿ, ಟಿಟವಿ ತತ್ತಿ ಏರಿ ಮ್ಯಾಲ! ಈ ಸಲ ಮಳಿ ಜೋರ!"

"ಲಗಮಪ್ಪಾ, ಇಟ್ಟವ ನೀನಽ ಅಲ್ಲೋ?" ಎಂದೆ.

"ಯಾರ ಇಟ್ರ ಏನ್ರಿ ರಾಯರ, ಮ್ಯಾಲ ಅದಾವಲ್ಲ!"

ಆಗಲೇ ನಾನು ಮೇಡಂ ಅವರಿಗೆ ಫೋನು ಮಾಡಿದ್ದು. ನೀನು ಫೋನಿಗೆ ಬರುತ್ತೀಯೆಂದು ನಂಬಿಕೆ ಇರಲಿಲ್ಲ. ನೀನು ಓಡಿ ಬಂದೆ. ಏದುಸಿರು ಕೇಳಿಸುತ್ತಿತ್ತು. "ಅಪ್ಪಾ, ನಿಮಗ ಹುಚ್ಚು ಹಿಡದದೇನು? ಎಲ್ಲಿಂದ ಎತ್ತೀರಿ ಅಲ್ಲೇ ಇಡ್ರಿ. ಈಗಿಂದೀಗ!" ಜೂನ್‌ನಿಂದ ಈಚೆಗೆ ನೀನು ನನಗೆ ಆಡಿದ ಮೊದಲ ಮಾತು. ಬೈಗುಳವಾದರೂ 'ಅಪ್ಪಾ' ಎಂದು ಶುರುವಾಯಿತು.

ಇಟ್ಟೆವು. ಲಗಮಪ್ಪ ಗೊಣಗಿದ: "ಕೈಯಾರೆ ಬರ ತರಸಾಕತ್ತೀರಿ. ಮಳಿ ಬರಲಿಲ್ಲಂದ್ರ ಊರಿಗೆಲ್ಲ ನಿಮ್ಮ ಹೆಸರು ಹೇಳ್ತೇನಿ." ನಾವು ಜಾಲಿಯ ತನಕ ಹಿಂದೆ ಸರಿದದ್ದೇ ತಡ, ಹಕ್ಕಿ ನಡೆದು ಬಂತು. ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಮಾಡಿಕೊಂಡು ಏನೂ ಆಗಿಲ್ಲವೆಂಬಂತೆ ಕುಳಿತುಬಿಟ್ಟಿತು.

ಇವತ್ತು ರಂಜಾನ್, ಕೋರ್ಟಿಗೆ ರಜೆ. ಹೋಗಿ ಜೆಸಿಬಿಯ ಮುಂದೆ ನಿಂತೆ. ನಡೆಸುವವನ ಹೆಸರು ಶಿವಾಜಿ. ಗಾಡಿಯಿಂದ ಇಳಿದು ಬಂದು ದೂರದಿಂದಲೇ ನೋಡಿದ. "ಇಷ್ಟಽ ಏನ್ರಿ? ಈ ಜಾಗಾ ಬಿಟ್ಟು ಸುತ್ತಲೂ ತಗೀತೇನಿ ತಗೋರಿ," ಎಂದ. ಮೊದಲು ಆ ತುದಿಯಿಂದ ಶುರುಮಾಡಿದ್ದಾನೆ. ತಡೆಯಾಜ್ಞೆ ಇಷ್ಟು ಸಲೀಸಾಗಿ ಸಿಕ್ಕದ್ದನ್ನು ನಾನು ಎಲ್ಲೂ ಕಂಡಿಲ್ಲ.

ಕಾಯುತ್ತಿದ್ದೇನೆ. ಮೊಟ್ಟೆ ಒಡೆಯುವುದನ್ನೂ, ನಿನ್ನ ಪತ್ರವನ್ನೂ.

ಅಪ್ಪ

*

ಧಾರವಾಡ
೪ ಏಪ್ರಿಲ್ ೨೦೨೫

ಅಪ್ಪಾ,

ಫೋನಿನಲ್ಲಿ ಜೋರಾಗಿ ಮಾತಾಡಿದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ, ಮೊಟ್ಟೆಗಳಿಗೆ ವೇಳೆ ಇರಲಿಲ್ಲ.

ನೀವು ಒಳ್ಳೆಯದಕ್ಕೇ ಎತ್ತಿ ಇಟ್ಟಿರಿ, ನನಗೆ ಗೊತ್ತು. ಜಾಗವೂ ಒಳ್ಳೆಯದೇ ಇತ್ತು. ಎತ್ತರದ್ದು, ಗಾಳಿ ಬರುವುದು, ಯಾರ ಕಾಲಿಗೂ ಸಿಗದ್ದು. ಆದರೆ ಆ ಹಕ್ಕಿ ಮೊದಲು ಹುಡುಕುವುದು ತನ್ನ ಜಾಗವನ್ನು. ಅಲ್ಲಿ ಇಲ್ಲದ್ದು ಅದರ ಪಾಲಿಗೆ ಎಲ್ಲೂ ಇಲ್ಲ.

ನಾನು ಡಾಕ್ಟರ್ ಆಗುವುದಿಲ್ಲ ಎಂದು ಯಾವತ್ತೂ ಹೇಳಲಿಲ್ಲ. ಜಮಖಂಡಿಯಲ್ಲೇ ಇದ್ದು ಓದುತ್ತೇನೆ ಎಂದಿದ್ದೆ. ಕೆರೆಯ ಏರಿಯ ಮೇಲೆಯೇ ಹೇಳಿದ್ದೆ, ಒಮ್ಮೆಯಲ್ಲ. ನೀವು ಪೇಪರ್ ಓದುತ್ತಿದ್ದಿರಿ. "ಹ್ಞೂಂ" ಎಂದಿರಿ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಆಮೇಲೆ ಒಂದು ದಿನ ಮನೆಗೆ ಬಂದರೆ ಹೊಸ ಟ್ರಂಕಿತ್ತು.

ಇಲ್ಲಿ ಯಾರೂ ಕೆಟ್ಟವರಲ್ಲ. ಊಟ ಚೆನ್ನಾಗಿದೆ. ಮಾರ್ಕ್ಸೂ ಚೆನ್ನಾಗಿವೆ. ಮುಂಜಾನೆ ಏಳುವಾಗ ಯಾವ ಹಕ್ಕಿ ಕೂಗಿತೆಂದು ಕಿವಿಗೊಡಲು ಮಾತ್ರ ಆಗುವುದಿಲ್ಲ. ಅಷ್ಟರಲ್ಲಿ ಬೆಲ್ ಆಗುತ್ತದೆ.

ಇನ್ನೊಂದು ವಿಷಯ. ಹಕ್ಕಿಗಳ ಪುಸ್ತಕ ತಂದು ಪೇಪರಿನೊಳಗೆ ಇಟ್ಟುಕೊಂಡು ಓದುತ್ತೀರಂತೆ. ಅಮ್ಮ ಹೇಳಿದಳು. ನೀಲಿ ಕಾಗೆ!

ಪೂರ್ವಾ

(ಈ ಪತ್ರಕ್ಕೆ ನಾನೇನೂ ಸೇರಿಸುವುದಿಲ್ಲ. — ಶ್ರೀದೇವಿ)

*

ಜಮಖಂಡಿ
೧೪ ಏಪ್ರಿಲ್ ೨೦೨೫

ಚಿ. ಪೂರ್ವಾಳಿಗೆ ಆಶೀರ್ವಾದ.

ಬಾತುಕೋಳಿ ಮರಿ ಖರೆ ತಪ್ಪು. ಗಿಳಿಮರಿ ಅರ್ಧ ತಪ್ಪು. ನೀಲಿ ಕಾಗೆ ಬೇಕೆಂದೇ ಬರೆದದ್ದು. ಗುಳುಮುಳುಕವನ್ನು ಬಾತುಕೋಳಿ ಎಂದದ್ದಕ್ಕೆ ಆರು ಸಾಲು ಬಂದವಲ್ಲ, ಇನ್ನೊಂದು ತಪ್ಪು ಮಾಡಿದರೆ ಇನ್ನೊಂದು ಪತ್ರ ಬಂದೀತೆಂದು ಆಸೆಯಾಯಿತು. ತಪ್ಪೊಪ್ಪಿಗೆ ಇಷ್ಟೇ, ಶಿಕ್ಷೆ ನಿನ್ನ ಇಷ್ಟ.

ಮೊಟ್ಟೆ ಒಡೆದವು. ನಿನ್ನೆ ಮುಂಜಾನೆ.

ಶಿವಾಜಿ ಮಾತು ಉಳಿಸಿಕೊಂಡಿದ್ದಾನೆ. ಸುತ್ತ ಮಣ್ಣು ತೆಗೆದು ನಡುವೆ ದಿಬ್ಬ ಬಿಟ್ಟಿದ್ದಾನೆ, ಮರಿಗಳು ಇಳಿಯಲಿ ಎಂದು ಒಂದು ಕಡೆ ಇಳಿಜಾರು ಮಾಡಿದ್ದಾನೆ. ನಾನು, ನಿನ್ನ ಅಮ್ಮ ಇಬ್ಬರೂ ಹೋಗಿದ್ದೆವು. ಹೌದು, ಅಮ್ಮನೂ ಬಂದಿದ್ದಳು. ದುರ್ಬೀನು ನನ್ನ ಕೈಗೆ ಕೊಡಲೇ ಇಲ್ಲ. "ಅಯ್ಯ, ನಡೀಲಿಕ್ಕತ್ತಾವಲ್ಲರೀ! ಈಗ ಹುಟ್ಯಾವು, ಆಗಲೇ ನಡೀಲಿಕ್ಕತ್ತಾವು!" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಹತ್ತಿಯ ಉಂಡೆಗೆ ಕಡ್ಡಿಯ ಕಾಲು ಸಿಗಿಸಿದ ಹಾಗೆ ಇವೆ. ಮೈ ಒಣಗಿದ್ದೇ ತಡ, ಇಳಿಜಾರಿನಲ್ಲಿ ತಾವೇ ಇಳಿದವು. ತಾಯಿತಂದೆ ತುತ್ತು ಕೊಡುವುದಿಲ್ಲ, ಎತ್ತಿಕೊಳ್ಳುವುದಿಲ್ಲ. ದೂರ ನಿಂತು ಕೂಗುತ್ತವೆ ಅಷ್ಟೇ. ಮೇಲೆ ಹದ್ದು ಸುಳಿದಾಗ ಒಂದು ಕೂಗು ಕೇಳಿತು, ಮರಿಗಳು ಇದ್ದಲ್ಲೇ ನೆಲಕ್ಕೆ ಅಂಟಿ ಹರಳಾದವು. ನನ್ನ ಕಣ್ಣೆದುರಿಗೇ ಮಾಯವಾದವು! ಹದ್ದು ಹೋದ ಮೇಲೆ ಬೇರೆ ಕೂಗು ಕೇಳಿತು, ಹರಳುಗಳು ಎದ್ದು ಓಡಿದವು. ಯಾವ 'ಟ್ಟೀ' ಕೂಗು ಯಾವುದಕ್ಕೆಂದು ನನಗಿನ್ನೂ ತಿಳಿಯುವುದಿಲ್ಲ. ಹುಟ್ಟಿದ ದಿನವೇ ಅವಕ್ಕೆ ತಿಳಿದಿದೆ.

ಮೂರು ಮರಿ. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಯುಗಾದಿಯ ಬಿಸಿಲು ತಾಗಿದ್ದು ಅದೇ ಇರಬೇಕು. ನೀನು ಕೇಳುವ ಮೊದಲೇ ಹೇಳಿಬಿಡುತ್ತಿದ್ದೇನೆ.

ಮೊನ್ನೆ ಬೇಸಿಗೆಯ ಅಡ್ಡಮಳೆ ಬಂತು. ಲಗಮಪ್ಪ ಸ್ಕೂಟರ್ ತಡೆದು ಹೇಳಿದ: "ಒಂದೀಟು ಹೊತ್ತು ಏರಿ ಮ್ಯಾಲ ಇದ್ವಲ್ಲರೀ, ಅದರ ಪುಣ್ಯಾ!"

ಪೂರ್ವಾ, ಏರಿಯ ಮೇಲೆ ನೀನು ಹೇಳಿದ್ದು ನನಗೆ ನೆನಪಿಲ್ಲ. ನೆನಪಿದೆ ಎಂದು ಸುಳ್ಳು ಹೇಳಲಾರೆ. ನಾನು ನಿನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಈ ಸಲ ಕೇಳಿಸಿತು. ಇಲ್ಲಿಯ ಕಾಲೇಜಿಗೆ ಹೋಗಿ ವಿಚಾರಿಸಿದ್ದೇನೆ, ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ. ಸೇರು ಎಂದು ಹೇಳುತ್ತಿಲ್ಲ, ಅಲ್ಲಿಯೇ ಇರು ಎಂದೂ ಹೇಳುತ್ತಿಲ್ಲ. ನಿನ್ನನ್ನು ಎತ್ತಿ ಇಡುವ ಕೆಲಸ ಇನ್ನು ನನ್ನದಲ್ಲ. ಮೇ ಮೊದಲ ರವಿವಾರ ಗೇಟಿನ ಹತ್ತಿರ ಬಂದು ನಿಲ್ಲುತ್ತೇನೆ. ಬರೀ ಕೈಚೀಲ ಹಿಡಿದು ರಜೆಗೆ ಬರುತ್ತೀಯೋ, ಟ್ರಂಕಿನ ಸಮೇತ ಬರುತ್ತೀಯೋ, ನೀನೇ ಹೇಳು.

ಪೇಪರ್ ತರುವುದಿಲ್ಲ.

ಅಪ್ಪ

*

ಧಾರವಾಡ
೧೯ ಏಪ್ರಿಲ್ ೨೦೨೫

ಅಪ್ಪಾ,

ನಿಮ್ಮ ಪತ್ರವನ್ನು ಮೇಡಂ ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದರು, ಮರಿಗಳ ಭಾಗ ಮಾತ್ರ. ಹರಳುಗಳು ಎದ್ದು ಓಡಿದವು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯ ಭಾಗವನ್ನು ಮಡಚಿ ನನ್ನ ಕೈಗೆ ಕೊಟ್ಟು, "ಇದನ್ನ ನಾ ಓದಿಲ್ಲವ್ವಾ," ಎಂದರು. ಓದಿದ್ದಾರೆ. ಕಣ್ಣು ಕೆಂಪಾಗಿದ್ದವು.

ಎಷ್ಟು ಚೆನ್ನಾಗಿ ನೋಡಿದ್ದೀರಿ ಅಪ್ಪಾ. ಹದ್ದು ಬಂದಾಗಿನ ಕೂಗು ಬೇರೆ, ಹೋದ ಮೇಲಿನ ಕೂಗು ಬೇರೆ ಎಂದು ನನಗೆ ತಿಳಿಯಲು ಮೂರು ಬೇಸಿಗೆ ಬೇಕಾಗಿದ್ದವು. ನಿಮಗೆ ಒಂದೇ ಮುಂಜಾನೆ ಸಾಕಾಯಿತು. ನಾಲ್ಕನೆಯ ಮೊಟ್ಟೆಗೆ ನೀವು ಕೊರಗಬೇಡಿ. ಕೈ ಮುಟ್ಟದೆ ಹೋದರೂ ಒಮ್ಮೊಮ್ಮೆ ಒಂದು ಹಾಗೆಯೇ ಉಳಿಯುತ್ತದೆ. ಕೊರಗುತ್ತೀರಿ, ಗೊತ್ತು.

ಬರುವಾಗ ಟ್ರಂಕಿಗೆ ಹಗ್ಗ ತನ್ನಿ. ಅದರ ಚಿಲಕ ಮುರಿದಿದೆ.

ಇಲ್ಲಿ ಕಾಲೇಜಿನ ಹಿಂದೆ ಒಂದು ಹೊಂಡವಿದೆ. ಅದರಲ್ಲಿ ನಿನ್ನೆ ಒಂದು ಬಾತುಕೋಳಿಯ ಮರಿ ಕಂಡೆ. ಕಂದು ಬಣ್ಣ, ಬಾಲವೇ ಇಲ್ಲ. ತಾಯಿ ಎಲ್ಲೂ ಕಾಣಲಿಲ್ಲ. ನೋಡನೋಡುತ್ತಿದ್ದಂತೆ ಮುಳುಗಿಯೇ ಬಿಟ್ಟಿತು, ಪಾಪ. ಅದು ಏನೆಂದು ನನಗೆ ತಿಳಿಯಲಿಲ್ಲ.

ಬರೆದು ತಿಳಿಸಬೇಡಿ. ಬಂದು ಹೇಳಿ.

ನಿಮ್ಮ
ಪೂರ್ವಾ